ಬ್ಯಾಂಕಾಕಿನಲ್ಲಿ ಒಂದು ಹೊತ್ತಿನ ದೊಡ್ಡ ಊಟ



ಈ ಸಲದ ಅಂಚೆಯಲ್ಲಿ ಬಂದ ಒಂದು ಪತ್ರವನ್ನು ಪಕ್ಕಕ್ಕಿಡಲು ಮನಸ್ಸಾಗಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಮಗ ಅಪ್ಪ-ಅಮ್ಮನಿಗೆ ಬ್ಯಾಂಕಾಕಿಗೆ ಟಿಕೆಟ್ ತೆಗೆಸಿದ್ದಾನಂತೆ. "ಅಲ್ಲಿ ಒಂದೇ ಒಂದು ಹೊತ್ತು ದೊಡ್ಡ ಹೋಟೆಲಿನಲ್ಲಿ ಕೂತು, ಬೇರೆಯವರು ಬಡಿಸಿದ್ದನ್ನು ನಿಧಾನವಾಗಿ ಉಣ್ಣಬೇಕೆಂದು ನನ್ನ ಆಸೆ. ಆದರೆ ನಾವು ಸಸ್ಯಾಹಾರಿಗಳು. ಚಪಾತಿ, ಚಟ್ನಿಪುಡಿ ಕಟ್ಕೊಂಡು ಹೋಗಿ, ನೇಮ ಯಾಕೆ ಕೆಡಿಸ್ಕೋತೀರಿ ಅಂತ ನಮ್ಮ ವಾರಗಿತ್ತಿ ಹೇಳ್ತಾರೆ. ಏನು ಮಾಡಲಿ?" ಎಂದು ಕೇಳಿದ್ದಾರೆ.

ಚಟ್ನಿಪುಡಿ ಇರಲಿ, ಬೇಡ ಅನ್ನೋಲ್ಲ. ಆಸೆಯನ್ನು ಮಾತ್ರ ಬಿಡಬೇಡಿ. ನಾನೂ ನಮ್ಮ ಯಜಮಾನರೂ ಆ ಊರಿಗೆ ಹೋಗಿ ಬಂದಿದ್ದೇವೆ. ನಾನು ಕಂಡದ್ದು ಇಷ್ಟು: ಸಸ್ಯಾಹಾರಿಗೆ ಅಲ್ಲಿ ಬೀದಿಬದಿಯ ಅಂಗಡಿಗಿಂತ ದೊಡ್ಡ ರೆಸ್ಟೋರೆಂಟೇ ಭದ್ರ. ಆದರೆ ಮೊದಲೇ ಹೇಳಿಟ್ಟಿರಬೇಕು.

ಕಾರಣ ಕೇಳಿ. ನಮಗೆ ಉಪ್ಪು ಹೇಗೋ ಥಾಯ್ ಜನಕ್ಕೆ 'ನಾಮ್ ಪ್ಲಾ' ಹಾಗೆ. ಅದು ಮೀನನ್ನು ಉಪ್ಪಿನಲ್ಲಿ ಹುದುಗಿಸಿ ತೆಗೆದ ರಸ. ಇನ್ನೊಂದು 'ಕಪಿ', ಸೀಗಡಿಯನ್ನು ಹುದುಗಿಸಿ ಅರೆದದ್ದು. ಹಸಿರು ಬಣ್ಣದ ಕರಿ ನೋಡಲು ತರಕಾರಿ ಸಾಗುವಿನಂತೆ ಇರುತ್ತದೆ, ಆದರೆ ಅದರ ಮಸಾಲೆಯಲ್ಲೇ ಕಪಿ ಕೂತಿರುತ್ತದೆ. ಪರಂಗಿಕಾಯಿ ಕೋಸಂಬರಿಯಂಥ 'ಸೋಮ್ ತಾಮ್'ನಲ್ಲಿ ಒಣ ಸೀಗಡಿ. ಸಣ್ಣ ಅಂಗಡಿಯಾಕೆ ಮೀನಿನ ತುಂಡು ತೆಗೆದುಕೊಟ್ಟು "ತರಕಾರಿ, ತರಕಾರಿ" ಅಂತಾಳೆ. ಅವಳದು ಮೋಸವಲ್ಲ, ಅವಳ ಲೆಕ್ಕ ಹಾಗೆ. ನಾವು ಹುಳಿಪುಡಿ ತಿಂಗಳಿಗೊಮ್ಮೆ ಕುಟ್ಟಿ ಡಬ್ಬಿಗೆ ತುಂಬಿಡುವಂತೆ ಅವಳ ಮಸಾಲೆಯೂ ಮೊದಲೇ ಸಿದ್ಧವಾಗಿರುತ್ತದೆ. ನಿಮಗೊಬ್ಬರಿಗಾಗಿ ಹೊಸದಾಗಿ ಅರೆಯೋಕೆ ಅವಳಿಗೆ ಪುರುಸೊತ್ತೆಲ್ಲಿ? ದೊಡ್ಡ ಅಡುಗೆಮನೆಯಲ್ಲಿ ಕೈಯೂ ಹೆಚ್ಚು, ಹೊತ್ತೂ ಹೆಚ್ಚು. ಎರಡು ದಿನ ಮುಂಚೆ ತಿಳಿಸಿದರೆ ಬೇರೆ ಅರೆದುಕೊಡಬಲ್ಲರು.

ತಿಳಿಸೋದು ಹೇಗೆ ಅಂತೀರಾ? ಥಾಯ್ ಭಾಷೆಯ ಎರಡು ಮಾತು ಕಲಿತುಕೊಳ್ಳಿ. ಒಂದು 'ಮಂಗ್‌ಸವಿರತ್'. ಕಿವಿಗೊಟ್ಟು ಕೇಳಿ, ನಮ್ಮ ಮಾಂಸ, ವಿರತಿ ಎರಡೂ ಅದರಲ್ಲಿವೆ! ಆದರೆ ಇದರಲ್ಲಿ ಮೊಟ್ಟೆ ನಡೆಯುತ್ತದೆ. ಇನ್ನೂ ಕಟ್ಟುನಿಟ್ಟಾದದ್ದು 'ಜೇ'. ಮಾಂಸ, ಮೀನು, ಮೊಟ್ಟೆ ಇಲ್ಲ, ಹಾಲೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ವ್ರತದ ಅಡುಗೆಗೂ ಒಂದು ಕೈ ಮೇಲೆ. 'ಕಿನ್ ಜೇ ಖಾ' ಅಂದರೆ 'ನಾನು ಜೇ ಊಟ ಮಾಡುವವಳು' ಎಂದಾಯಿತು. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ಬರೆದ ಆ ಅಕ್ಷರ ದೂರಕ್ಕೆ 17 ಎಂದು ಬರೆದ ಹಾಗೆ ಕಾಣುತ್ತದೆ. ಬೀದಿಯಲ್ಲಿ ಅಂಥ ಬಾವುಟ ಕಂಡರೆ ಧೈರ್ಯವಾಗಿ ಒಳಗೆ ಹೋಗಿ. ದೊಡ್ಡ ಕಡೆಗಾದರೆ ಬಾಯಿಮಾತು ಸಾಲದು. ನೀವು ಇಳಿದುಕೊಂಡ ಹೋಟೆಲಿನ ಮೇಜಿನ ಹತ್ತಿರದವರಿಂದ "ನಾಮ್ ಪ್ಲಾ ಬೇಡ, ಕಪಿ ಬೇಡ, ಮೊಟ್ಟೆ ಬೇಡ" ಎಂದು ಥಾಯ್ ಲಿಪಿಯಲ್ಲಿ ಚೀಟಿ ಬರೆಸಿ, ಅವರಿಂದಲೇ ಫೋನ್ ಮಾಡಿಸಿ ಜಾಗ ಕಾದಿರಿಸಿ. ನಾವು ಹೋದ ಕಡೆ ಬಡಿಸುವ ಹುಡುಗಿ ನನ್ನ ಚೀಟಿಯನ್ನು ಎರಡು ಸಲ ಓದಿ, ಒಳಗೆ ಹೋಗಿ ಕೇಳಿಬಂದು, ಒಂದು ಸಾರನ್ನು ತಾನಾಗಿಯೇ ಪಟ್ಟಿಯಿಂದ ತೆಗೆಸಿದಳು. ಅಷ್ಟೊತ್ತೂ ಬಿಗಿಯಾಗಿ ಕೂತಿದ್ದ ನಮ್ಮ ಯಜಮಾನರು ಆಮೇಲೆ ತೋಳು ಮಡಚಿ ಊಟಕ್ಕೆ ಕೂತರು!

ಇನ್ನು ಎಲ್ಲಿಗೆ ಹೋಗೋದು? ಆಟೋದಂಥ ಟುಕ್‌ಟುಕ್ ಓಡಿಸುವವನು "ಒಳ್ಳೇ ಜಾಗ ತೋರಿಸ್ತೀನಿ" ಅಂದರೆ ನಕ್ಕು ಬೇಡ ಅನ್ನಿ. ಅವನಿಗೆ ಕಮಿಷನ್ ಸಿಗುವ ಕಡೆಗೆ ಕರೆದೊಯ್ಯುತ್ತಾನೆ. ಆಕಾಶ ಮುಟ್ಟುವ ಕಟ್ಟಡದ ತುದಿಯಲ್ಲಿರುವ ರೆಸ್ಟೋರೆಂಟುಗಳೂ ಇವೆ. ನನ್ನ ಕೇಳಿದರೆ ಅಲ್ಲಿ ದುಡ್ಡು ಹೋಗೋದು ನೋಟಕ್ಕೆ, ತಟ್ಟೆಗಲ್ಲ.

ಟೈರ್ ಮಾಡುವ ಫ್ರಾನ್ಸಿನ ಮಿಷೆಲಿನ್ ಕಂಪನಿ ಊಟದ ಮನೆಗಳಿಗೆ ನಕ್ಷತ್ರ ಕೊಡುವುದು ನಿಮಗೂ ಗೊತ್ತಿರಬಹುದು. ಬ್ಯಾಂಕಾಕಿನ ಮೊದಲ ಪಟ್ಟಿ ಬಂದದ್ದು 2017ರ ಡಿಸೆಂಬರಿನಲ್ಲಿ. ನಕ್ಷತ್ರ ಕೊಡೋದು ಅಡುಗೆಗೆ ಮಾತ್ರ, ಥಳುಕಿಗಲ್ಲ. ಜೇ ಫಾಯ್ ಎಂಬ ಎಪ್ಪತ್ತು ದಾಟಿದ ಅಜ್ಜಿ, ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡು ಇದ್ದಿಲ ಒಲೆಯ ಮುಂದೆ ನಿಂತು ಏಡಿಯ ಆಮ್ಲೆಟ್ ಮಾಡುವವರು, ಆ ಮೊದಲ ಪಟ್ಟಿಯಲ್ಲೇ ನಕ್ಷತ್ರ ಪಡೆದರು. ಅವರದು ಬೀದಿಬದಿಯ ಅಂಗಡಿ! ನಮಗೆ ಅಲ್ಲಿ ತಿನ್ನುವಂಥದ್ದಿಲ್ಲ, ಕೈಮುಗಿಯುವಂಥದ್ದಿದೆ.

ಮುಂಬಯಿಯ ಗರಿಮಾ ಅರೋರಾ ಅವರ 'ಗಾ' ನಮಗೆ ಇನ್ನೂ ಹತ್ತಿರ. ಮೊದಲು ಪತ್ರಕರ್ತೆಯಾಗಿದ್ದವರು, ಆಮೇಲೆ ಒಲೆ ಹಿಡಿದರು. 2018ರಲ್ಲಿ, ಮಿಷೆಲಿನ್ ನಕ್ಷತ್ರ ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. 2023ರ ಡಿಸೆಂಬರಿನಲ್ಲಿ ಎರಡನೆಯ ನಕ್ಷತ್ರವೂ ಬಂತು. ಎಳೆ ಹಲಸು, ರೊಟ್ಟಿ, ಉಪ್ಪಿನಕಾಯಿ ಇಟ್ಟು ಹೆಸರು ಮಾಡಿದ್ದಾರೆ. ನಮ್ಮ ಮಲೆನಾಡಿನ ಗುಜ್ಜೆ ಪಲ್ಯ ಮಾಡೋ ಕೈಗಳು ಸ್ವಲ್ಪ ಹೆಮ್ಮೆ ಪಟ್ಟುಕೊಳ್ಳಬಹುದು, ಅಲ್ವೇ? ಇಂಥಲ್ಲಿ ಒಂದೊಂದೇ ತುತ್ತಿನ ಹತ್ತಾರು ಬಗೆ, ಎರಡು ಮೂರು ಗಂಟೆ ಹಿಡಿಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳೋರು ಹೊತ್ತು ನೋಡಿಕೊಂಡು ಹೋಗಿ.

ಅಷ್ಟು ಬೇಡವೆಂದರೆ ಸುರಸಕ್ ರೈಲು ನಿಲ್ದಾಣದ ಹತ್ತಿರ ನೂರು ವರ್ಷ ದಾಟಿದ ಹಳೆಯ ಕಟ್ಟಡದಲ್ಲಿ 'ಬ್ಲೂ ಎಲಿಫೆಂಟ್' ಇದೆ. ಥಾಯ್ ಹೆಣ್ಣುಮಗಳೊಬ್ಬಳು ಗಂಡನ ಜೊತೆಗೂಡಿ 1980ರಲ್ಲಿ ಬ್ರಸೆಲ್ಸ್‌ನಲ್ಲಿ ಶುರುಮಾಡಿದ ಸಂಸ್ಥೆ ಅದು. ಅಡುಗೆ ಕಲಿಸುವ ಶಾಲೆಯೂ ಜೊತೆಗಿದೆ. ಇನ್ನೊಂದು ಉಪಾಯ, ದೊಡ್ಡ ಹೋಟೆಲಿನ ಮಧ್ಯಾಹ್ನದ ಚಹಾ. ಚಾವೊ ಫ್ರಯಾ ನದಿಯ ದಂಡೆಯ ಓರಿಯೆಂಟಲ್ ಹೋಟೆಲು 1876ರಷ್ಟು ಹಳೆಯದು, ಈಗ ಹೆಸರು ಮ್ಯಾಂಡರಿನ್ ಓರಿಯೆಂಟಲ್. ಅಲ್ಲಿ ರಾಣಿಯ ಹಾಗೆ ಕೂತು ಚಹಾ ಕುಡಿಯಬಹುದು, ರಾತ್ರಿಯೂಟಕ್ಕಿಂತ ಖರ್ಚು ಕಡಿಮೆ. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಕೇಳಿಯೇ ಕೈ ಹಾಕಿ.

ದುಡ್ಡಿನ ಮಾತು. ದರಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಕೂಡಿಸುವ ಗುರುತು (++) ಇದ್ದರೆ ಅದು ಅಲಂಕಾರವಲ್ಲ. ಒಂದು ಗುರುತು ಸೇವೆಗೆ ಶೇಕಡಾ 10, ಇನ್ನೊಂದು ತೆರಿಗೆ ಶೇಕಡಾ 7. 1000 ಬಾತ್ ಎಂದು ಬರೆದದ್ದಕ್ಕೆ ಬಿಲ್ಲು 1177 ಬಾತ್ ಬರುತ್ತದೆ. ಕೈಲೆಕ್ಕಕ್ಕೆ ಒಂದು ಬಾತನ್ನು ಮೂರು ರೂಪಾಯಿ ಎಂದಿಟ್ಟುಕೊಳ್ಳಿ, ಕೊನೆಗೆ ಎದೆ ಧಸಕ್ ಅನ್ನೋದಿಲ್ಲ. ಸೇವೆಯ ದುಡ್ಡು ಬಿಲ್ಲಿನಲ್ಲೇ ಸೇರಿರುವಾಗ ಮತ್ತೆ ಟಿಪ್ಸ್ ಕೊಡಲೇಬೇಕೆಂಬ ಸಂಕೋಚ ಬೇಡ. ಎಷ್ಟೋ ಕಡೆ ಮಧ್ಯಾಹ್ನದ ಊಟ ರಾತ್ರಿಗಿಂತ ಅಗ್ಗ, ಅಡುಗೆಮನೆ ಅದೇ. ಜಾಗ ಕಾದಿರಿಸುವಾಗ ಕಾರ್ಡಿನ ನಂಬರು ಕೇಳಿದರೆ, ಹೋಗದಿದ್ದರೆ ಎಷ್ಟು ಮುರಿದುಕೊಳ್ಳುತ್ತಾರೆಂದು ಮಗನಿಂದ ಮೊದಲೇ ಓದಿಸಿಕೊಳ್ಳಿ.

ಉಡುಗೆಗೆ ಚಿಂತೆ ಮಾಡಬೇಡಿ, ರೇಷ್ಮೆ ಸೀರೆಯೊಂದಿದ್ದರೆ ಯಾವ ಬಾಗಿಲೂ ತೆರೆಯುತ್ತದೆ. ತೊಂದರೆ ಬರೋದು ಗಂಡಸರಿಂದಲೇ. ಚಪ್ಪಲಿ, ಚಡ್ಡಿಯಲ್ಲಿ ಒಳಗೆ ಬಿಡದ ಕಡೆಗಳಿವೆ. ಯಜಮಾನರಿಗೆ ಬೂಟು, ಉದ್ದ ಪ್ಯಾಂಟು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಸಂಜೆ ರಸ್ತೆ ತುಂಬಾ ಗಾಡಿ, ಮೇಲೆ ಓಡುವ ರೈಲೇ ಹಿತ.

ಏಪ್ರಿಲ್ ಮೇ ತಿಂಗಳಲ್ಲಿ ಹೋದರೆ ಕೊನೆಗೆ ಮಾವಿನಹಣ್ಣು, ತೆಂಗಿನಹಾಲು, ಅಂಟು ಅಕ್ಕಿಯ 'ಖಾವ್ ನಿಯಾವ್ ಮಮುವಾಂಗ್' ತಪ್ಪಿಸಬೇಡಿ. ಅದನ್ನು ನಮ್ಮ ರಸಪುರಿ ಹಣ್ಣಿನಲ್ಲಿ ಮಾಡುವ ವಿಧಾನ ಮುಂದಿನ ಸಂಚಿಕೆಗೆ.