ಬುಟ್ಟಿಯ ಮೇಲಣ ಭೂಮಿ

ನಮ್ಮ ಜನಪದರಿಗೆ ನಿಸರ್ಗಚಿತ್ರವೆಂಬುದೇ ತಿಳಿಯದು, ಶಿರಸಿ ಸಿದ್ದಾಪುರಗಳ ದೀವರ ಹೆಣ್ಣುಮಕ್ಕಳು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವು ಬರಿಯ ಗೆರೆಗಳ ಅಲಂಕಾರ ಎಂಬ ಮಾತನ್ನು ಬಲ್ಲವರ ಬಾಯಲ್ಲಿಯೇ ಕೇಳುತ್ತೇವೆ. ಬೆಟ್ಟ, ಹೊಳೆ, ಆಕಾಶಗಳು ಕಣ್ಣಿಗೆ ಕಂಡಂತೆ ಪಟದಲ್ಲಿ ಮೂಡಿದರೆ ಮಾತ್ರವೇ ನೆಲದ ಚಿತ್ರವೆನ್ನುವ ಈ ನಂಬುಗೆ, ನೆಲವನ್ನು ಹೊರಗೆ ನಿಂತು ನೋಡಿದವರದೇ ಹೊರತು ಉತ್ತು ಬಿತ್ತಿದವರದಲ್ಲ. ಅಘನಾಶಿನಿಯು 116 ಮೀಟರ್ ಕೆಳಕ್ಕೆ ಧುಮುಕುವ ಉಂಚಳ್ಳಿಯ ಜಲಪಾತಕ್ಕೆ, 1845ರಲ್ಲಿ ಕಂಡನೆಂಬ ಕಾರಣದಿಂದ ಕಲೆಕ್ಟರ್ ಲಷಿಂಗ್ಟನ್ನನ ಹೆಸರು ಅಂಟಿದ್ದು ಇಂಥ ನೋಟದಿಂದಲೇ.

ಅದೇ ಹೆಣ್ಣುಮಕ್ಕಳು ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿಯನ್ನು ನೋಡಿ. ಆಶ್ವಯುಜದ ಭೂಮಿ ಹುಣ್ಣಿಮೆಗೆ, ಹೊಡೆಯಾದ ಭತ್ತವನ್ನು ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದೇ ಭಾವಿಸಿ ಆಕೆಯ ಬಯಕೆ ತೀರಿಸುವ ಸಲುವಾಗಿ, ಬಿದಿರ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ ಚಿತ್ತಾರ ಬರೆಯುತ್ತಾರೆ. ಕೆಂಪು ಆ ನೆಲದ್ದೇ, ಬಿಳುಪು ಆ ಗದ್ದೆಯ ಅಕ್ಕಿಯದೇ, ಬಿದಿರು ಆ ಕಾಡಿನದೇ. ರಾತ್ರಿಯೆಲ್ಲ ಬೇಯಿಸಿದ ಅಡಿಗೆಯನ್ನು ಅದರಲ್ಲಿ ತುಂಬಿ ನಸುಕಿನಲ್ಲಿ ಗದ್ದೆಗೆ ಹೊತ್ತೊಯ್ದು ಚರಗ ಚೆಲ್ಲುವಾಗ ಭೂಮಿಗೆ ಸಲ್ಲುವ ಎಡೆಯ ಬದಿಯಲ್ಲಿ ಕಾಗೆಗೂ ಇಲಿಗೂ ಪಾಲುಂಟು. ಇಲ್ಲಿ ಭೂಮಿಯು ಚಿತ್ರದ ವಸ್ತುವಷ್ಟೇ ಅಲ್ಲ, ಚಿತ್ರವನ್ನು ಇದಿರ್ಗೊಳ್ಳುವವಳೂ ಅವಳೇ.

ಇದಕ್ಕೆ ವಿಚಾರವಂತರ ಆಕ್ಷೇಪವೊಂದುಂಟು: ಬರೆಯುವಾಕೆಯನ್ನು ಕೇಳಿದರೆ ‘ಅಮ್ಮ ಹೀಗೆ ಬರೆಯುತ್ತಿದ್ದಳು’ ಎನ್ನುತ್ತಾಳೆ, ಉಳಿದುದೆಲ್ಲ ಪಂಡಿತರ ಕಲ್ಪನೆ. ಒಂದೊಂದು ತ್ರಿಕೋನಕ್ಕೂ ತತ್ತ್ವವನ್ನು ಹೊಂದಿಸುವ ಚಪಲ ನನಗೂ ಒಪ್ಪಿಗೆಯಿಲ್ಲ. ಆದರೆ ಅರ್ಥವಿರುವುದು ಬಿಡಿ ಗೆರೆಯಲ್ಲಿ ಅಲ್ಲ, ಗೋಡೆಯಿಂದ ಗದ್ದೆಯವರೆಗಿನ ಆಚರಣೆಯಲ್ಲಿ. ಅದನ್ನು ಆಕೆ ವಿವರಿಸುವುದಿಲ್ಲ, ನಡೆಸುತ್ತಾಳೆ.

ಹೊರಗಿನವರ ಕಣ್ಣಿಗೆ ಅರ್ಥ ತಪ್ಪುವುದು ನಮ್ಮಲ್ಲಿ ಮಾತ್ರವಲ್ಲ. ಆಸ್ಟ್ರೇಲಿಯದ ಮೂಲನಿವಾಸಿ ಚಿತ್ರಕಾರ ಆಲ್ಬರ್ಟ್ ನಮಟ್ಜಿರನು (1902–1959) ವಲಸಿಗರ ಜಲವರ್ಣರೀತಿಯಲ್ಲಿ ತನ್ನ ನಾಡಿನ ಬೆಟ್ಟಮರಗಳನ್ನು ಬರೆದಾಗ ಅನುಕರಣವೆಂದು ಹಳಿದವರಿದ್ದರು. ಅವು ಅವನ ಪೂರ್ವಿಕರ ನೆಲೆಗಳೆಂಬ ಅರಿವು ವಿಮರ್ಶಕರಿಗೆ ತಡವಾಗಿ ಬಂದಿತು. 1971ರಲ್ಲಿ ಅದೇ ದೇಶದ ಪಪುನ್ಯವೆಂಬ ಊರಿನ ಮೂಲನಿವಾಸಿ ಹಿರಿಯರು ಹಲಗೆಗಳ ಮೇಲೆ ಬರೆಯತೊಡಗಿದಾಗಲಾದರೋ, ದೀಕ್ಷೆಯಿಲ್ಲದವರು ಕಾಣಬಾರದ ಗುರುತುಗಳು ಬಯಲಾದುವೆಂದು ಅವರ ಜನರೇ ಆಕ್ಷೇಪಿಸಿದರು. ಬರಬರುತ್ತ ಚುಕ್ಕಿಗಳು ಆ ಗುರುತುಗಳನ್ನು ಮರೆಮಾಡಿದುವು. ನಮ್ಮ ಬುಟ್ಟಿಯಾದರೋ ಏನನ್ನೂ ಮುಚ್ಚಿಡುವುದಿಲ್ಲ. ಅದರ ಅರ್ಥ ಕಾಣದಿದ್ದರೆ ದೋಷ ಕಾಣದವರದೇ.

ಚಿತ್ತಾರವನ್ನು ಚೌಕಟ್ಟಿಗೆ ಹಾಕಿ ಮಾರಲಿ, ಬರೆದ ಕೈಗೆ ನ್ಯಾಯವಾದ ಬೆಲೆ ಸಲ್ಲಲಿ. ಕೊಂಡವರು ಮುಂದಿನ ಭೂಮಿ ಹುಣ್ಣಿಮೆಗೆ, ಕರೆದರೆ, ಗದ್ದೆಯ ಬದುವಿನವರೆಗೂ ಆ ಬುಟ್ಟಿಯ ಹಿಂದೆ ಹೋಗಬೇಕು.