ದತ್ತಾಂಶದ ಸ್ಥಳಾಂತರ ಮತ್ತು ಕನ್ನಡದ ಓದು

ಸಂಸ್ಥೆಗಳ ದತ್ತಾಂಶವನ್ನು ಹಳೆಯ ಸಂಗ್ರಹದಿಂದ ಹೊಸದಕ್ಕೆ ಸಾಗಿಸುವ ಕೆಲಸವನ್ನು ಗಣಕತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ವಾಡಿಕೆ. ಗ್ರಂಥಸಂಪಾದನೆ, ಭಾಷಾಧ್ಯಯನಗಳಲ್ಲಿ ತೊಡಗಿದವರಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆಯೂ ಸಹಜವೇ. ಆದರೆ ಸಾಗುತ್ತಿರುವ ದತ್ತಾಂಶ ಕನ್ನಡದ್ದಾಗಿದ್ದರೆ, ಅದು ಸರಿಯಾಗಿ ತಲುಪಿತೇ ಎಂಬುದನ್ನು ನಿರ್ಣಯಿಸುವ ಹೊಣೆ ಭಾಷೆ ಬಲ್ಲವರಿಗೂ ಸೇರುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ದೈನಂದಿನ ವ್ಯವಹಾರ ನಿಲ್ಲದಂತೆ ದತ್ತಾಂಶವನ್ನು ಸಾಗಿಸುವ ವಿಧಾನ ಸ್ಥೂಲವಾಗಿ ಹೀಗಿದೆ. ಹಳೆಯ ಸಂಗ್ರಹ ಎಂದಿನಂತೆ ಕೆಲಸ ಮಾಡುತ್ತಿರುವಾಗಲೇ ಹಿನ್ನೆಲೆಯಲ್ಲಿ ಅದರ ಪ್ರತಿ ಸಿದ್ಧವಾಗುತ್ತದೆ. ಪ್ರತಿ ಮಾಡುವ ಅವಧಿಯಲ್ಲಿ ಆದ ಬದಲಾವಣೆಗಳನ್ನು ಮತ್ತೆ ಮತ್ತೆ ಹೊಸ ಸಂಗ್ರಹಕ್ಕೆ ಸೇರಿಸುತ್ತಾರೆ. ಎರಡೂ ಒಂದೇ ಎಂಬುದನ್ನು ಚೆಕ್‌ಸಮ್ ಎಂಬ ಗಣಿತದ ಲೆಕ್ಕದಿಂದ ತಾಳೆ ನೋಡುತ್ತಾರೆ. ಕೊನೆಗೆ ವ್ಯವಹಾರ ಕಡಿಮೆಯಿರುವ ಹೊತ್ತಿನಲ್ಲಿ ಅಲ್ಪಕಾಲ ಬರವಣಿಗೆಯನ್ನು ತಡೆದು, ಹೊಸದಕ್ಕೆ ಬದಲಾಗುತ್ತಾರೆ. ಹಿಂದಿರುಗುವ ದಾರಿ ಇರಲೆಂದು ಹಳೆಯದನ್ನು ಕೆಲಕಾಲ ಹಾಗೆಯೇ ಉಳಿಸಿಕೊಳ್ಳುತ್ತಾರೆ.

ಈ ಎಚ್ಚರಗಳು ಸಾಲದಾದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕ್ ನಿದರ್ಶನ. ೨೦೧೮ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಅದು ತನ್ನ ಗ್ರಾಹಕರ ದತ್ತಾಂಶವನ್ನು ಬಹುತೇಕ ಒಂದೇ ಸಲಕ್ಕೆ ಹೊಸ ವ್ಯವಸ್ಥೆಗೆ ಸಾಗಿಸಿತು. ಸುಮಾರು ೧೯ ಲಕ್ಷ ಗ್ರಾಹಕರು ತಮ್ಮ ಖಾತೆಗಳನ್ನು ಅಂತರಜಾಲದಲ್ಲಿ ತೆರೆಯಲಾಗದೆ ತೊಂದರೆಗೀಡಾದರು. ವ್ಯವಹಾರ ಪೂರ್ಣವಾಗಿ ಸರಿಹೋಗಲು ಡಿಸೆಂಬರ್ ಬಂತು. ೨೦೨೨ರ ಡಿಸೆಂಬರ್‌ನಲ್ಲಿ ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ ೪.೮೬೫ ಕೋಟಿ ಪೌಂಡ್ ದಂಡ ವಿಧಿಸಿದವು. ಗಮನಿಸಬೇಕಾದ ಅಂಶವೆಂದರೆ, ದತ್ತಾಂಶ ಯಶಸ್ವಿಯಾಗಿಯೇ ಸಾಗಿತ್ತು. ಕೈಕೊಟ್ಟದ್ದು ಅದನ್ನು ಬಳಕೆಗೆ ಒದಗಿಸಬೇಕಾದ ವ್ಯವಸ್ಥೆ. ಸಾಗಿದ್ದೆಲ್ಲ ಬಳಕೆಗೆ ಸಿಕ್ಕುತ್ತದೆ ಎಂದು ಹೇಳುವಂತಿಲ್ಲ ಎಂಬುದು ಇದರಿಂದ ಸ್ಪಷ್ಟ.

ಕನ್ನಡದ ಸಂದರ್ಭದಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ಯುನಿಕೋಡ್ ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತ್ತು. ಆದರೂ ನಮ್ಮ ಕಚೇರಿ, ಮುದ್ರಣಾಲಯ, ವಿದ್ಯಾಸಂಸ್ಥೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಲಿಪಿಖಂಡಗಳನ್ನು ಕೂರಿಸಿದ ಫಾಂಟುಗಳು. ನುಡಿಯ ಹಳೆಯ ಸಂಕೇತಕ್ರಮದಲ್ಲಿ ‘ಮ’ಕಾರವೆಂದರೆ ‘ವ’ಕಾರದ ಖಂಡಗಳ ಮುಂದೆ ಒಂದು ಕೊಂಬು. ಅರ್ಕಾವೊತ್ತು ಕಣ್ಣಿಗೆ ಕಾಣುವಂತೆಯೇ ವ್ಯಂಜನದ ಅನಂತರ ಬರುತ್ತದೆ. ಯುನಿಕೋಡಿನಲ್ಲಿಯಾದರೋ ಉಚ್ಚಾರಣೆಯ ಕ್ರಮದಲ್ಲಿ ರೇಫವೇ ಮೊದಲು. ಪರಿವರ್ತಿಸುವ ತಂತ್ರಾಂಶ ಈ ಭೇದವನ್ನು ಅರಿಯದಿದ್ದರೆ ‘ಧರ್ಮ’ವು ‘ಧಮರ್’ ಆಗುತ್ತದೆ, ‘ಶರ್ಮ’ನು ‘ಶಮರ್’ ಆಗುತ್ತಾನೆ. ಕಣ್ಣಿಗೆ ಕಾಣದ ಜೋಡಣೆ-ತಡೆಯ ಚಿಹ್ನೆಯೊಂದನ್ನು ಅನಗತ್ಯವೆಂದು ಅಳಿಸಿಬಿಟ್ಟರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಎಂದಾಗುತ್ತದೆ.

ಇಲ್ಲಿ ಚೆಕ್‌ಸಮ್ ನೆರವಿಗೆ ಬಾರದು. ಹಳೆಯ ಕಡತವನ್ನು ಇದ್ದ ಹಾಗೆಯೇ ಸಾಗಿಸಿದರೆ ಲೆಕ್ಕ ತಾಳೆಯಾಗುತ್ತದೆ. ಆದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಾಣುವುದು ಅರ್ಥಹೀನ ಚಿಹ್ನೆಗಳ ಸಾಲು. ಯುನಿಕೋಡಿಗೆ ಪರಿವರ್ತಿಸಿ ಸಾಗಿಸಿದರೆ ಸಂಕೇತಗಳೇ ಬದಲಾಗುವುದರಿಂದ ಲೆಕ್ಕ ತಾಳೆಯಾಗಲು ಸಾಧ್ಯವೇ ಇಲ್ಲ. ಯಂತ್ರದ ಸಾಕ್ಷ್ಯ ಮುಗಿಯುವ ಈ ಹಂತದಲ್ಲಿ ಉಳಿಯುವುದು ಓದುಗನ ಸಾಕ್ಷ್ಯ. ಪಿಂಚಣಿಯ ಪಟ್ಟಿಯಲ್ಲಿ ‘ಶಮರ್’ ಆಗಿರುವ ವ್ಯಕ್ತಿ ತನ್ನ ನಿಜವಾದ ಹೆಸರು ಹೇಳಿದಾಗ ಅವನ ದಾಖಲೆ ಸಿಕ್ಕುವುದಿಲ್ಲ. ಕಚೇರಿಯ ಕೆಲಸ ಒಂದು ಕ್ಷಣವೂ ನಿಲ್ಲಲಿಲ್ಲವೆಂದು ವರದಿ ಹೇಳಬಹುದು. ಅವನ ಪಾಲಿಗೆ ಅದು ನಿಂತಿದೆ.

ಓಲೆಗರಿಯಿಂದ ಓಲೆಗರಿಗೆ ಪ್ರತಿ ಮಾಡುವಾಗ ನುಸುಳುವ ಲಿಪಿಕಾರದೋಷಗಳನ್ನು ಗುರುತಿಸುವ ಶಾಸ್ತ್ರವೊಂದು ನಮ್ಮಲ್ಲಿದೆ. ಯಾವ ಅಕ್ಷರ ಯಾವುದಾಗಿ ತಪ್ಪುತ್ತದೆ, ಯಾವ ಸ್ಥಾನದಲ್ಲಿ ಸ್ಖಾಲಿತ್ಯ ಹೆಚ್ಚು ಎಂಬುದನ್ನು ಅರಿತೇ ಗ್ರಂಥಸಂಪಾದಕರು ಪಾಠವನ್ನು ನಿರ್ಣಯಿಸುತ್ತಾರೆ. ಅದೇ ವಿವೇಕ ಇಲ್ಲಿಯೂ ಬೇಕು. ಅರ್ಕಾವೊತ್ತು, ಒತ್ತಕ್ಷರ, ಮಕಾರ-ಯಕಾರ, ಅರ್ಧಾಕ್ಷರಾಂತ್ಯದ ಹೆಸರುಗಳಿರುವ ದಾಖಲೆಗಳನ್ನು ಆಯ್ದು ಹಳೆಯ ಪ್ರತಿಯೊಡನೆ ಓದಿ ನೋಡಬೇಕು. ದಾಖಲೆಗಳನ್ನು ದಿನವೂ ಬಳಸುವ ನೌಕರರು ಹೊಸ ಸಂಗ್ರಹದಲ್ಲಿ ಹುಡುಕಿ ನೋಡಿದ ಮೇಲೆಯೇ ಬದಲಾವಣೆ ನಡೆಯಬೇಕು. ಹಳೆಯ ಕಡತಗಳನ್ನು ಅವುಗಳ ಫಾಂಟುಗಳ ಸಹಿತ ಕಾಪಾಡಬೇಕು.

ಇದರಿಂದ ಕಾಲವೂ ವೆಚ್ಚವೂ ಹೆಚ್ಚುವುದೆಂಬ ಆಕ್ಷೇಪ ಬರಬಹುದು. ಲಕ್ಷಗಟ್ಟಲೆ ದಾಖಲೆಗಳನ್ನು ಒಂದೊಂದಾಗಿ ಓದಲಾಗದೆಂಬುದೂ ನಿಜ. ಆದರೆ ಪರಿವರ್ತನೆಯ ದೋಷಗಳು ನಿಯಮಬದ್ಧವಾದವು. ಒಂದೆಡೆ ಗುರುತಿಸಿದ ದೋಷವನ್ನು ಎಲ್ಲೆಡೆ ತಿದ್ದಲು ಬರುತ್ತದೆ. ಬದಲಾವಣೆಗೆ ಮುನ್ನವೇ ಅದನ್ನು ಗುರುತಿಸಬಲ್ಲ ಕಣ್ಣು ಬೇಕು. ಕನ್ನಡ ಅಧ್ಯಯನ ವಿಭಾಗಗಳು ಆ ಹೊಣೆಯನ್ನು ತಮ್ಮದಲ್ಲವೆಂದು ಬಿಟ್ಟುಕೊಡಬಾರದು.