ಮೂವತ್ತರ ಗಡಿಯೂ ಎಳೆಯರ ಧಮನಿಗಳೂ

ಸಂಪಾದಕರಿಗೆ,



2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸಂಭವಿಸಿದ ಹೃದಯಾಘಾತದ ಸಾವುಗಳಿಂದ ನಾಡೆಲ್ಲ ಕಳವಳಗೊಂಡಿದ್ದಾಗ, ರಾಜ್ಯ ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿ, ಅದರ ವರದಿ ಕೈಸೇರಿದ ಮೇಲೆ, 45 ವರ್ಷದೊಳಗಿನವರು ಆಸ್ಪತ್ರೆಯ ಹೊರಗೆ ಹಠಾತ್ತನೆ ಮೃತರಾದರೆ ಶವಪರೀಕ್ಷೆಯನ್ನು ಕಡ್ಡಾಯಗೊಳಿಸುವುದಾಗಿ ಸಾರಿತು. ಮರಣದ ಕಾರಣವನ್ನರಿಯುವ ಈ ಉದ್ಯಮ ಶ್ಲಾಘ್ಯವೇ ಸರಿ. ಆದರೆ ಬದುಕಿರುವ ತರುಣರ ದೇಹಸ್ಥಿತಿಯನ್ನರಿಯುವ ವಿಷಯದಲ್ಲಿ ನಮ್ಮ ಸಾರ್ವಜನಿಕ ಆರೋಗ್ಯವ್ಯವಸ್ಥೆ ಹಾಕಿಕೊಂಡಿರುವ ವಯೋಮಿತಿಯು ತಿದ್ದತಕ್ಕುದೆಂಬುದನ್ನು ತಮ್ಮ ಪತ್ರಿಕೆಯ ಮೂಲಕ ನಿವೇದಿಸಬಯಸುತ್ತೇನೆ.

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳ ತಪಾಸಣೆ ಮೊದಲಾಗುವುದು 30 ವರ್ಷ ತುಂಬಿದ ಮೇಲೆ. ಮಕ್ಕಳಿಗಾಗಿ ಇರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18ಕ್ಕೆ ಮುಗಿಯುತ್ತದೆ. ಇವೆರಡರ ನಡುವಿನ ಹನ್ನೆರಡು ವರ್ಷಗಳಲ್ಲಿ, ಬೆಳಕವಾಡಿಯಂಥ ಊರಿನಿಂದ ಮಳವಳ್ಳಿಯ ಕಾಲೇಜಿಗೆ ಹೋಗುವ ಹುಡುಗನನ್ನಾಗಲಿ, ಬೆಳಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವ ಹೆಣ್ಣುಮಗಳನ್ನಾಗಲಿ, ತಾನಾಗಿ ಕರೆದು ಪರೀಕ್ಷಿಸುವವರು ಯಾರೂ ಇಲ್ಲ.

ಈ ಅವಧಿಯಲ್ಲೇ ಅನರ್ಥ ಬೇರೂರುವುದುಂಟು. ಹೃದಯದಿಂದ ಹೊರಡುವ ಮಹಾಪಧಮನಿಯು ಪ್ರತಿ ಮಿಡಿತಕ್ಕೂ ಹಿಗ್ಗಿ, ಮತ್ತೆ ಕುಗ್ಗಿ, ರಕ್ತದ ರಭಸವನ್ನು ತಾನು ತಾಳಿಕೊಂಡು ಮುಂದಿನ ಅಂಗಗಳಿಗೆ ಅದನ್ನು ಮೃದುವಾಗಿ ಸಾಗಿಸುತ್ತದೆ. ರಕ್ತದಲ್ಲಿ ಸಕ್ಕರೆಯ ಅಂಶ ಬಹುಕಾಲ ಏರಿಯೇ ಇದ್ದರೆ, ಆ ನಾಳದ ಗೋಡೆಯ ಕೊಲಾಜೆನ್ ಎಳೆಗಳು ಸಕ್ಕರೆಯಿಂದ ಒಂದಕ್ಕೊಂದು ಬೆಸೆದುಕೊಂಡು ಪೆಡಸಾಗುತ್ತವೆ. ಒಳಪೊರೆಯು ನಾಳವನ್ನು ಸಡಿಲಿಸುವ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ಪಂಪ್‌ಸೆಟ್ಟಿನ ರಬ್ಬರ್ ಪೈಪಿನ ಬದಲು ಕಬ್ಬಿಣದ ಕೊಳವೆಯನ್ನು ಜೋಡಿಸಿದಂತಾಗಿ, ಪ್ರತಿ ಮಿಡಿತದ ಪೆಟ್ಟೂ ಮೂತ್ರಪಿಂಡ ಮತ್ತು ಮಿದುಳಿನ ಸೂಕ್ಷ್ಮ ರಕ್ತನಾಳಗಳ ಮೇಲೆ ನೇರವಾಗಿ ಬೀಳುತ್ತದೆ. ಹೃದಯದ ಶ್ರಮವೂ ಹೆಚ್ಚುತ್ತದೆ. ನೋವಿಲ್ಲ, ಆಯಾಸವಿಲ್ಲ, ಆದುದರಿಂದ ತರುಣನಿಗೆ ಇದರ ಸುಳಿವೇ ಹತ್ತುವುದಿಲ್ಲ.

ಇಪ್ಪತ್ತರೊಳಗೆ ಮಧುಮೇಹಕ್ಕೆ ಒಳಗಾದವರನ್ನು ಕುರಿತು ಅಮೆರಿಕದಲ್ಲಿ ನಡೆದ 'ಸರ್ಚ್' ಎಂಬ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾಗಿ ಸರಾಸರಿ ಎಂಟು ವರ್ಷ ಕಳೆಯುವಷ್ಟರಲ್ಲಿ, ಒಂದನೆಯ ಬಗೆಯ ಮಧುಮೇಹಿಗಳಲ್ಲಿ ಶೇ. 11.6ರಷ್ಟು ಮಂದಿಯ, ಎರಡನೆಯ ಬಗೆಯವರಲ್ಲಿ ಶೇ. 47.4ರಷ್ಟು ಮಂದಿಯ ಧಮನಿಗಳು ಪೆಡಸಾಗಿದ್ದುವು. ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ತಿಳಿಸಿತು. ಎರಡನೆಯ ಬಗೆಯ ಮಧುಮೇಹವು ಯುರೋಪಿನವರಿಗಿಂತ ನಮ್ಮವರನ್ನು ಎಳೆಯ ವಯಸ್ಸಿನಲ್ಲೇ ಹಿಡಿಯುವುದೂ ವೈದ್ಯರೆಲ್ಲರೂ ಬಲ್ಲ ಸಂಗತಿ. ಹೀಗಿರಲು ಮೂವತ್ತರ ವರೆಗೆ ಕಾಯುವುದು ಯಾವ ನ್ಯಾಯ?

ನಾಡಿಯ ಅಲೆ ಧಮನಿಯಲ್ಲಿ ಚಲಿಸುವ ವೇಗವನ್ನಳೆದು ಈ ಪೆಡಸುತನವನ್ನು ನಿರ್ಣಯಿಸುವ ಯಂತ್ರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬೇಕೆಂದು ನಾನು ಕೇಳುತ್ತಿಲ್ಲ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವುದು, ಸೊಂಟದ ಸುತ್ತಳತೆ ತೆಗೆಯುವುದು, ಬೆರಳಿನ ತೊಟ್ಟು ರಕ್ತದಲ್ಲಿ ಸಕ್ಕರೆ ಪರೀಕ್ಷಿಸುವುದು, ಮಧುಮೇಹವಿರುವವರ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯನ್ನು ವರ್ಷಕ್ಕೊಮ್ಮೆ ಗಮನಿಸುವುದು: ಇಷ್ಟು ಸಾಕು. ಆರೋಗ್ಯ ಸಿಬ್ಬಂದಿಗೆ ಈಗಾಗಲೇ ಕೆಲಸದ ಹೊರೆಯಿದೆಯೆಂಬ ಆಕ್ಷೇಪ ನಿಜವಾದುದೇ. ಆದರೆ ಎಲ್ಲ ತರುಣರನ್ನೂ ಒಮ್ಮೆಗೇ ಪರೀಕ್ಷಿಸಬೇಕಾಗಿಲ್ಲ. ಯಾವ ಮನೆಯ ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ ಇದೆಯೆಂಬುದನ್ನು ಆಶಾ ಕಾರ್ಯಕರ್ತೆಯರು ಅರಿತಿರುವರಷ್ಟೆ. ಆ ಮನೆಯ 18 ದಾಟಿದ ಮಕ್ಕಳನ್ನೂ, ಸ್ಥೂಲಕಾಯರನ್ನೂ ಅದೇ ಭೇಟಿಯಲ್ಲಿ ಪಟ್ಟಿಗೆ ಸೇರಿಸಿದರೆ, ಅಪಾಯ ಹೆಚ್ಚಿರುವವರೆಲ್ಲ ಮೊದಲು ಕಣ್ಣಿಗೆ ಬೀಳುವರು.

ಪತ್ತೆಯಾದ ತರುಣನಿಗೆ ದಾರಿ ಮುಚ್ಚಿಲ್ಲ. ಸಕ್ಕರೆ ಮತ್ತು ರಕ್ತದೊತ್ತಡಗಳ ಹತೋಟಿ, ನಿತ್ಯದ ನಡಿಗೆ, ತೂಕ ಇಳಿಸುವುದು, ಬೀಡಿ-ಸಿಗರೇಟುಗಳ ತ್ಯಾಗ ಇವುಗಳಿಂದ ಧಮನಿಗಳ ಮುಪ್ಪನ್ನು ತಡೆಹಿಡಿಯಲು ಸಾಧ್ಯ. ಆದುದರಿಂದ ಆರೋಗ್ಯ ಇಲಾಖೆಯು, ಮಂಡ್ಯ ವೈದ್ಯಕೀಯ ಮಹಾವಿದ್ಯಾಲಯದ ನೆರವು ಪಡೆದು, ಮಳವಳ್ಳಿ ಮತ್ತು ಮದ್ದೂರು ತಾಲ್ಲೂಕುಗಳಲ್ಲಿ ಈ ಕ್ರಮವನ್ನು ಪ್ರಾರಂಭಿಸಲಿ. ಅನುಭವವನ್ನು ನೋಡಿಕೊಂಡು ಜಿಲ್ಲೆಗೂ ರಾಜ್ಯಕ್ಕೂ ವಿಸ್ತರಿಸಲಿ. ಶವಪರೀಕ್ಷೆಗೆ 45ರ ಗಡಿಯನ್ನು ನಿಶ್ಚಯಿಸಬಲ್ಲ ಸರ್ಕಾರಕ್ಕೆ, ಜೀವಂತರ ಪರೀಕ್ಷೆಯ ಗಡಿಯನ್ನು 30ರಿಂದ 18ಕ್ಕೆ ಇಳಿಸುವುದು ಅಸಾಧ್ಯವಾಗಲಾರದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪಾಧ್ಯಾಯ
ಬೆಳಕವಾಡಿ, ಮಳವಳ್ಳಿ ತಾಲ್ಲೂಕು